ಮುಳ್ಳು ಹೇಳಿದ ಸುಳ್ಳು

ಟ್ಯಾಂಕ್ ತುಂಬಿಸಿ ಹೊರಟರೆ ಮೊದಲ ನೂರು ಕಿಲೋಮೀಟರ್ ಮುಳ್ಳು ಅಲುಗುವುದೇ ಇಲ್ಲ. ಆಮೇಲೆ ಏನೋ ಮರೆತದ್ದು ನೆನಪಾದಂತೆ ಸರಸರನೆ ಇಳಿದು ಕಾಲು ಭಾಗಕ್ಕೆ ಬಂದು ಕೂರುತ್ತದೆ. ಕಾಲು ಟ್ಯಾಂಕ್ ಇದೆಯಲ್ಲ, ಮುಂದಿನ ಬಂಕಿನಲ್ಲಿ ಹಾಕಿಸಿದರಾಯಿತು ಎಂದುಕೊಳ್ಳುವಷ್ಟರಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಅರವತ್ತು, ಎಪ್ಪತ್ತರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ ಇದು ಹೊಸ ಕತೆಯಲ್ಲ.

ಅಂಥ ಕಾರುಗಳ ಪೈಕಿ ಎಂಜಿಬಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ ಎಂಬ ಪುಟ್ಟ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಕಾರು ಒಟ್ಟು 5 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂತು. ಅದರ ಬಾನೆಟ್ ಎತ್ತಿದರೆ ನಮ್ಮ ಹಳೇ ಮೆಕ್ಯಾನಿಕ್‌ಗಳಿಗೆ ನೆಂಟರನ್ನು ಕಂಡಂತಾಗುತ್ತದೆ. ಒಳಗಿರುವ 1798 ಸಿಸಿ ಎಂಜಿನ್ ಬಿಎಂಸಿ ಕಂಪನಿಯ ‘ಬಿ ಸೀರೀಸ್’ ಮನೆತನದ್ದು; ನಮ್ಮ ಅಂಬಾಸಿಡರನ್ನು ದಶಕಗಳ ಕಾಲ ಎಳೆದ 1489 ಸಿಸಿ ಎಂಜಿನ್ನೂ ಅದೇ ಮನೆಯ ಕೂಸು. ಅಂಬಾಸಿಡರ್ ಓಡಿಸಿ ಪಳಗಿದ ಬಾಡಿಗೆ ಕಾರಿನ ಚಾಲಕರು ಗೇಜಿಗಿಂತ ಕಿಲೋಮೀಟರ್ ಲೆಕ್ಕವನ್ನೇ ಹೆಚ್ಚು ನಂಬುತ್ತಿದ್ದದ್ದು ಸುಮ್ಮನೆ ಅಲ್ಲ.

ಗೇಜೇ ಇಲ್ಲದ ಕಾಲವೂ ಇತ್ತು. ಫೋರ್ಡಿನ ಮಾಡೆಲ್ ಟಿ ಕಾರಿನಲ್ಲಿ ಸೀಟಿನ ಮೆತ್ತೆ ಎತ್ತಿ, ಕೆಳಗಿದ್ದ ಟ್ಯಾಂಕಿಗೆ ಕಡ್ಡಿ ಇಳಿಸಿ, ಎಷ್ಟು ಒದ್ದೆಯಾಯಿತು ಎಂದು ನೋಡಬೇಕಿತ್ತು. ಫೋಕ್ಸ್‌ವ್ಯಾಗನ್ ಬೀಟಲ್ ಅರವತ್ತರ ದಶಕದ ಆರಂಭದವರೆಗೂ ಗೇಜಿಲ್ಲದೆ, ಬರೀ ರಿಸರ್ವ್ ಹಿಡಿಕೆಯನ್ನು ನಂಬಿ ಓಡಿತು. ನಮ್ಮಲ್ಲಿ ಹಳೆಯ ಬಜಾಜ್ ಚೇತಕ್ ಓಡಿಸಿದವರಿಗೆ ಈ ವಿದ್ಯೆ ಬೇರೆ ಹೇಳಿಕೊಡಬೇಕಾಗಿಲ್ಲ: ಗಾಡಿ ನಿಂತರೆ ರಿಸರ್ವ್‌ಗೆ ತಿರುಗಿಸುವುದು, ಅದೂ ಮುಗಿದರೆ ಸ್ಕೂಟರನ್ನು ಪಕ್ಕಕ್ಕೆ ಮಲಗಿಸಿ ಎಬ್ಬಿಸುವುದು. ಈ ಪದ್ಧತಿಗಳಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಕಡ್ಡಿ ನಿಜವಾಗಿ ಪೆಟ್ರೋಲನ್ನೇ ಮುಟ್ಟಿ ಬರುತ್ತಿತ್ತು. ಡ್ಯಾಶ್‌ಬೋರ್ಡಿನ ಮುಳ್ಳು ಹಾಗಲ್ಲ. ಅದಕ್ಕೂ ಪೆಟ್ರೋಲಿಗೂ ನಡುವೆ ಮೂರು ನಾಲ್ಕು ಮಧ್ಯಸ್ಥರಿದ್ದಾರೆ, ಪ್ರತಿಯೊಬ್ಬರೂ ಸುದ್ದಿಯನ್ನು ತಮ್ಮ ಭಾಷೆಗೆ ತಿರುಗಿಸಿ ಮುಂದಕ್ಕೆ ದಾಟಿಸುತ್ತಾರೆ.

ಮೊದಲನೆಯವನು ಟ್ಯಾಂಕಿನೊಳಗಿನ ಫ್ಲೋಟ್. ಒಂದು ತಂತಿಯ ತೋಳಿನ ತುದಿಗೆ ಸಿಕ್ಕಿಸಿದ ಟೊಳ್ಳು ಬುರುಡೆ ಅದು. ಪೆಟ್ರೋಲ್ ಏರಿದಂತೆ ಏರುತ್ತದೆ, ಇಳಿದಂತೆ ಇಳಿಯುತ್ತದೆ. ತೋಳಿನ ಇನ್ನೊಂದು ತುದಿಯಲ್ಲಿ ಪುಟ್ಟದೊಂದು ಲೋಹದ ನಾಲಿಗೆ ಇದ್ದು, ಅದು ಸುರುಳಿ ಸುತ್ತಿದ ರೋಧಕ ತಂತಿಯ ಮೇಲೆ ಉಜ್ಜಿಕೊಂಡು ಓಡಾಡುತ್ತದೆ. ಹಳೆಯ ರೇಡಿಯೊದ ವಾಲ್ಯೂಮ್ ಗುಬುಟಿನ ಒಳಗೂ ಇದೇ ಏರ್ಪಾಡು. ಎಂಜಿಬಿಯಲ್ಲಿ ಟ್ಯಾಂಕ್ ಖಾಲಿಯಿದ್ದಾಗ ರೋಧ ಸುಮಾರು 250 ಓಮ್, ತುಂಬಿದಾಗ 20 ಓಮ್ ಆಸುಪಾಸು. ಅಂದರೆ ಪೆಟ್ರೋಲ್ ಹೆಚ್ಚಿದಷ್ಟೂ ವಿದ್ಯುತ್ತಿಗೆ ದಾರಿ ಸುಗಮ.

ಪೆಟ್ರೋಲ್ ಟ್ಯಾಂಕಿನೊಳಗೆ ಕರೆಂಟೇ ಎಂದು ಹುಬ್ಬೇರಿಸಬೇಡಿ. ಹರಿಯುವ ವಿದ್ಯುತ್ತು ಅತಿ ಕಡಿಮೆ, ಟ್ಯಾಂಕ್ ತುಂಬಿದ್ದಾಗಲೂ ಒಂದು ಆಂಪಿಯರಿನ ಹತ್ತನೇ ಒಂದು ಪಾಲಿನಷ್ಟು. ಅದಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿದೆ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇಕಡ 1.4ರಿಂದ 7.6ರಷ್ಟಿದ್ದರೆ ಮಾತ್ರ ಹತ್ತಿಕೊಳ್ಳುತ್ತದೆ. ಮುಚ್ಚಿದ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಆವಿ ಅದಕ್ಕಿಂತ ಎಷ್ಟೋ ದಟ್ಟವಾಗಿರುವುದರಿಂದ ಉರಿಯಲು ಬೇಕಾದ ಗಾಳಿಯೇ ಸಾಲದು. ಟ್ಯಾಂಕ್ ತೆರೆದಾಗ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ, ಆ ವಿಷಯ ಮುಂದೆ.

ಎರಡನೆಯವನು ಗೇಜ್. ಇದರೊಳಗೆ ಅಯಸ್ಕಾಂತ ಇದೆ ಎಂದೇ ಹಲವರ ಊಹೆ. ಮೊದಮೊದಲ ಎಂಜಿಬಿಗಳಲ್ಲಿ ಅದು ನಿಜವೂ ಆಗಿತ್ತು. ತಿರುವಿನಲ್ಲಿ ಪೆಟ್ರೋಲ್ ತುಳುಕಿದಾಗಲೆಲ್ಲ ಅವುಗಳ ಮುಳ್ಳು ಕುಣಿಯುತ್ತಿತ್ತು. ನಂತರ ಬಂದ ಸ್ಮಿತ್ಸ್ ಕಂಪನಿಯ ಗೇಜಿನಲ್ಲಿ ಮುಳ್ಳನ್ನು ತಳ್ಳುವುದು ಶಾಖ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿಗೆ ಸಣ್ಣ ತಂತಿ ಸುತ್ತಿರುತ್ತಾರೆ. ತಂತಿಯಲ್ಲಿ ವಿದ್ಯುತ್ ಹರಿದರೆ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಬಾಗಿದಷ್ಟು ಮುಳ್ಳು ಏರುತ್ತದೆ. ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟ್ ಕೆಲಸ ಮಾಡುವುದೂ ಇದೇ ದ್ವಿಲೋಹ ಪಟ್ಟಿಯಿಂದ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಪಟ್ಟಿ ತಾನಾಗಿ ಬಾಗಿಬಿಡಬಾರದಲ್ಲ? ಅದಕ್ಕಾಗಿ ಪಟ್ಟಿಯನ್ನು ಇಂಗ್ಲಿಷಿನ ‘ಯು’ ಅಕ್ಷರದ ಆಕಾರದಲ್ಲಿ ಮಾಡಿ, ಒಂದು ಕಾಲಿಗೆ ಮಾತ್ರ ತಂತಿ ಸುತ್ತಿದ್ದಾರೆ. ಹೊರಗಿನ ಬಿಸಿಗೆ ಎರಡೂ ಕಾಲು ಬಾಗುವುದರಿಂದ ಒಂದರ ತಪ್ಪನ್ನು ಇನ್ನೊಂದು ಹೊಡೆದುಹಾಕುತ್ತದೆ. ನನಗೆ ಇಡೀ ಗೇಜಿನಲ್ಲಿ ತುಂಬ ಮೆಚ್ಚುಗೆಯಾದ ಉಪಾಯ ಇದು. ಕೀಲಿ ತಿರುಗಿಸಿದ ಮೇಲೆ ಮುಳ್ಳು ನಿಧಾನವಾಗಿ, ನಿದ್ದೆಯಿಂದ ಏಳುವವರ ಹಾಗೆ ಮೇಲೇಳುವುದಕ್ಕೂ ಶಾಖವೇ ಕಾರಣ. ತಿರುವಿನಲ್ಲಿ ಪೆಟ್ರೋಲ್ ಎಷ್ಟು ತುಳುಕಿದರೂ ಪಟ್ಟಿ ಅಷ್ಟು ಬೇಗ ಬಿಸಿಯಾಗದು, ಆರದು. ಮುಳ್ಳು ಸ್ಥಿರವಾಗಿ ನಿಲ್ಲುತ್ತದೆ.

ಆದರೆ ಶಾಖದಿಂದ ಇನ್ನೊಂದು ತೊಡಕು ಹುಟ್ಟಿತು. ತಂತಿಯಲ್ಲಿ ಹುಟ್ಟುವ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣ. ಕಾರಿನ ಬ್ಯಾಟರಿ 12 ವೋಲ್ಟ್ ಎನ್ನುತ್ತೇವಾದರೂ ಎಂಜಿನ್ ಓಡುತ್ತಿದ್ದಾಗ ಅದು 14ರ ಹತ್ತಿರ ಹೋಗುತ್ತದೆ, ರಾತ್ರಿ ದೀಪ ಹಾಕಿ ಸಿಗ್ನಲ್ಲಿನಲ್ಲಿ ನಿಂತಾಗ ಇಳಿಯುತ್ತದೆ. ಹಾಗೇ ಬಿಟ್ಟರೆ ಹೆಡ್‌ಲೈಟ್ ಹಾಕಿದಾಗಲೆಲ್ಲ ಪೆಟ್ರೋಲ್ ಕಡಿಮೆಯಾದಂತೆ ಕಾಣುತ್ತಿತ್ತು. ಆದ್ದರಿಂದ ಮೂರನೆಯ ಮಧ್ಯಸ್ಥ ಬಂದ: ವೋಲ್ಟೇಜ್ ಸ್ಟೆಬಿಲೈಸರ್. ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ತಗಡಿನ ಡಬ್ಬಿ. ಒಳಗೆ ಮತ್ತೊಂದು ದ್ವಿಲೋಹ ಪಟ್ಟಿ. ಬಿಸಿಯಾಗಿ ಬಾಗಿದಾಗ ಸಂಪರ್ಕ ತಪ್ಪುತ್ತದೆ, ಆರಿದಾಗ ಕೂಡುತ್ತದೆ. ಟ್ಯೂಬ್‌ಲೈಟಿನ ಸ್ಟಾರ್ಟರ್ ಮಿಣಮಿಣ ಎನ್ನುವುದೂ ಇಂಥದೇ ಪಟ್ಟಿಯಿಂದ. ಹೀಗೆ ಹತ್ತಿ ಆರುವ ವಿದ್ಯುತ್ತಿನ ಸರಾಸರಿ 10 ವೋಲ್ಟ್ ಆಗುವಂತೆ ಹೊಂದಿಸಿರುತ್ತಾರೆ. ಗೇಜ್ ಹೇಗೂ ಮಂದಗತಿಯದಾದ್ದರಿಂದ ಈ ಮಿಣುಕು ಅದಕ್ಕೆ ತಿಳಿಯುವುದೇ ಇಲ್ಲ.

ಗೇಜ್ ಸುಳ್ಳು ಹೇಳಿದರೆ ಜನ ಮೊದಲು ಅನುಮಾನಿಸುವುದು ಟ್ಯಾಂಕಿನೊಳಗಿನ ಯೂನಿಟ್ಟನ್ನು, ಅಂದರೆ ಫ್ಲೋಟ್, ತೋಳು, ರೋಧಕ ತಂತಿ ಸೇರಿದ ಜೋಡಣೆಯನ್ನು. ಹೊಸದು ತರಿಸಿ ಹಾಕಿಯೂ ಬಿಡುತ್ತಾರೆ. ಇದು ತಲೆನೋವಿಗೆ ಹಲ್ಲು ಕೀಳಿಸಿದ ಹಾಗೆ. ಟ್ಯಾಂಕಿಗೆ ಕೈಹಾಕುವುದು ಕೊನೆಯ ಕೆಲಸವಾಗಬೇಕು, ಮೊದಲನೆಯದಲ್ಲ.

ಮೊದಲು ಸುಳ್ಳಿನ ಜಾತಿ ಯಾವುದು ನೋಡಿ. ಮುಳ್ಳು ಯಾವಾಗಲೂ ಇರುವುದಕ್ಕಿಂತ ಹೆಚ್ಚು ತೋರಿಸುತ್ತಿದ್ದರೆ ಸ್ಟೆಬಿಲೈಸರ್ ಮೇಲೆ ಕಣ್ಣಿಡಿ. ಆ ಡಬ್ಬಿ ಕಾರಿನ ಬಾಡಿಗೆ ಸರಿಯಾಗಿ ಅರ್ತ್ ಆಗಿರದಿದ್ದರೆ ಒಳಗಿನ ಪಟ್ಟಿ ಬಿಸಿಯೇ ಆಗುವುದಿಲ್ಲ, ಸಂಪರ್ಕ ಬಿಡುವುದೂ ಇಲ್ಲ. 10 ವೋಲ್ಟಿನ ಜಾಗದಲ್ಲಿ 14 ಹೋದರೆ ಗೇಜಿನಲ್ಲಿ ಹುಟ್ಟುವ ಶಾಖ ಹತ್ತಿರ ಹತ್ತಿರ ಇಮ್ಮಡಿ. ಅರ್ಧ ಟ್ಯಾಂಕ್ ತುಂಬಿದ ಟ್ಯಾಂಕಾಗಿ ಕಾಣುವುದು ಹೀಗೆ. ಒಂದು ಸ್ಕ್ರೂ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿ ಮಾಡಿದರೆ ಎಷ್ಟೋ ಸಲ ರೋಗ ಅಲ್ಲಿಗೇ ವಾಸಿ. ಆ ಕಾಲದ ಹಲವು ಬ್ರಿಟಿಷ್ ಕಾರುಗಳಲ್ಲಿ ಎಂಜಿನ್ ಬಿಸಿ ತೋರಿಸುವ ಗೇಜಿಗೂ ಇದೇ ಡಬ್ಬಿಯಿಂದ ವಿದ್ಯುತ್ತು. ಅಂಥ ಕಾರಿನಲ್ಲಿ ಎರಡು ಮುಳ್ಳೂ ಒಟ್ಟಿಗೆ ಮೇಲೆ ಹತ್ತಿ ಕೂತಿದ್ದರೆ ಕಳ್ಳ ಯಾರೆಂದು ಬೇರೆ ಹೇಳಬೇಕಿಲ್ಲ.

ಇಲ್ಲಿ ಡಿಜಿಟಲ್ ಮಲ್ಟಿಮೀಟರ್ ಹಿಡಿದವರು ಎಡವುತ್ತಾರೆ. ಸ್ಟೆಬಿಲೈಸರಿಗೆ ಮೀಟರ್ ಹಚ್ಚಿದರೆ ಅಂಕಿಗಳು ಸೊನ್ನೆಗೂ ಹನ್ನೆರಡಕ್ಕೂ ನಡುವೆ ಹುಚ್ಚಾಪಟ್ಟೆ ಹಾರುತ್ತವೆ. ಕೆಟ್ಟುಹೋಗಿದೆ ಎಂದು ಡಬ್ಬಿಯನ್ನು ಎಸೆಯುವವರುಂಟು. ಹಾಗೆ ಹಾರುವುದೇ ಅದರ ಆರೋಗ್ಯ! ಈ ಕೆಲಸಕ್ಕೆ ಎರಡು ವೈರು ಕಟ್ಟಿದ ಹಳೇ ಟೆಸ್ಟ್ ಲ್ಯಾಂಪೇ ವಾಸಿ. ಲ್ಯಾಂಪ್ ಮಿನುಗಿದರೆ ಸರಿಯಿದೆ, ಒಂದೇ ಸಮ ಉರಿದರೆ ಕೆಟ್ಟಿದೆ. ಹಳೆಯ ಡಬ್ಬಿಯ ಹೊಟ್ಟೆ ಬಗೆದು 10 ವೋಲ್ಟಿನ ಪುಟ್ಟ ಎಲೆಕ್ಟ್ರಾನಿಕ್ ಚಿಪ್ ಕೂರಿಸುವ ರೂಢಿಯೂ ಇದೆ. ಆದರೆ 1967ಕ್ಕಿಂತ ಹಿಂದಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ದ್ವಿಲೋಹ ಪಟ್ಟಿಗೆ ಇದರಿಂದ ಏನೂ ಆಗದು, ಅದಕ್ಕೆ ಎಡಬಲದ ಭೇದವಿಲ್ಲ. ಚಿಪ್ಪಿಗೆ ಇದೆ, ತಿರುಗಾಮುರುಗಾ ಕೊಟ್ಟರೆ ಸುಟ್ಟುಹೋಗುತ್ತದೆ.

ಇನ್ನು ಟ್ಯಾಂಕ್ ತುಂಬಿದರೂ ಮುಳ್ಳು ಪೂರ್ತಿ ಏರದೆ, ಖಾಲಿಯ ಹತ್ತಿರ ಮಾತ್ರ ಸರಿಯಾಗಿ ತೋರಿಸುತ್ತಿದ್ದರೆ? ಅದು ಬಹುಮಟ್ಟಿಗೆ ಟ್ಯಾಂಕಿನ ಅರ್ತ್ ದೋಷ. ತುಕ್ಕು ಹಿಡಿದ ಒಂದು ಜೋಡಣೆ ದಾರಿಗೆ 20 ಓಮ್ ಹೆಚ್ಚುವರಿ ರೋಧ ಸೇರಿಸಿತು ಎಂದಿಟ್ಟುಕೊಳ್ಳಿ. ಖಾಲಿ ಟ್ಯಾಂಕಿನ 250 ಓಮ್ 270 ಆದರೆ ಮುಳ್ಳಿಗೆ ಗೊತ್ತೇ ಆಗದು. ತುಂಬಿದ ಟ್ಯಾಂಕಿನ 20 ಓಮ್ 40 ಆಯಿತೆಂದರೆ ಟ್ಯಾಂಕ್ ಯೂನಿಟ್ಟಿನ ಪಾಲಿನ ರೋಧವೇ ದುಪ್ಪಟ್ಟು. ಒಂದೇ ತುಕ್ಕು ಮೇಲಿನ ತುದಿಯಲ್ಲಿ ದೊಡ್ಡ ಸುಳ್ಳನ್ನೂ ಕೆಳತುದಿಯಲ್ಲಿ ಚಿಕ್ಕ ಸುಳ್ಳನ್ನೂ ಹೇಳಿಸುತ್ತದೆ.

ಟ್ಯಾಂಕಿನ ಹತ್ತಿರದ ಹಸಿರು-ಕಪ್ಪು ವೈರನ್ನು ಕಿತ್ತರೆ ಮುಳ್ಳು ಖಾಲಿಗೆ ಇಳಿಯಬೇಕು. ಅದೇ ವೈರನ್ನು ಟ್ಯಾಂಕಿನಿಂದ ದೂರ, ಬಾಡಿಗೆ ಒಂದು ಗಳಿಗೆ ತಾಗಿಸಿದರೆ ‘ಎಫ್’ ಕಡೆಗೆ ಏರಬೇಕು. ದಾಟಿ ಹೋಗುವ ಮುನ್ನ ತೆಗೆದುಬಿಡಿ. ಎರಡೂ ಆದರೆ ಗೇಜೂ ವೈರೂ ನಿರಪರಾಧಿಗಳು. ಇನ್ನೂ ಕಟ್ಟುನಿಟ್ಟಾಗಿ ನೋಡಬೇಕೆಂದರೆ ಟ್ಯಾಂಕ್ ಯೂನಿಟ್ಟಿನ ಜಾಗದಲ್ಲಿ 250 ಓಮಿನದೊಂದು, 20 ಓಮಿನದೊಂದು ರೋಧಕವನ್ನು ಸರದಿಯಂತೆ ಕಟ್ಟಿ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಬಹುದು. ಸ್ಮಿತ್ಸ್ ಗೇಜಿನ ಬೆನ್ನಿನಲ್ಲಿ ಮುಚ್ಚಿದ ಎರಡು ತೂತುಗಳಿವೆ. ಒಳಗಿನ ಹಲ್ಲುಗಳನ್ನು ಸೂಕ್ಷ್ಮವಾಗಿ ಸರಿಸಿದರೆ ಖಾಲಿ ಮತ್ತು ಪೂರ್ತಿ, ಎರಡೂ ತುದಿಗಳನ್ನು ಹೊಂದಿಸಿಕೊಳ್ಳಬಹುದು. ಒಂದನ್ನು ಮುಟ್ಟಿದರೆ ಇನ್ನೊಂದೂ ಸ್ವಲ್ಪ ಸರಿಯುವುದರಿಂದ ಇದು ನಾಲ್ಕಾರು ಸಲ ಹಿಂದೆ ಮುಂದೆ ಓಡಾಡಿಸುವ ತಾಳ್ಮೆಯ ಕೆಲಸ.

ಇಷ್ಟೆಲ್ಲ ಆಗಿಯೂ ಸುಳ್ಳು ನಿಲ್ಲದಿದ್ದರೆ ಮಾತ್ರ ಟ್ಯಾಂಕ್. ಎಂಜಿಬಿಯಲ್ಲಿ ಯೂನಿಟ್ ಇರುವುದು ಟ್ಯಾಂಕಿನ ಪಕ್ಕದ ಗೋಡೆಯಲ್ಲಿ. ಪೆಟ್ರೋಲನ್ನು ಮೊದಲು ಬಸಿಯದೆ ಬಿಚ್ಚಿದರೆ ಅಭ್ಯಂಜನವೇ ಗತಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ಕಂಡರೆ ಹತ್ತಿಕೊಳ್ಳುತ್ತದೆ. ಆದ್ದರಿಂದ ಬ್ಯಾಟರಿ ಕಳಚಿ, ಬಯಲಿನಲ್ಲಿ, ಗುಂಡಿಯಿಲ್ಲದ ಜಾಗದಲ್ಲಿ ಈ ಕೆಲಸ. ಯೂನಿಟ್ಟನ್ನು ಹಿಡಿದಿರುವ ಬಳೆಯನ್ನು ಬಡಿದು ತಿರುಗಿಸಲು ಉಕ್ಕಿನ ಉಳಿ ಬೇಡ, ಕಿಡಿ ಹಾರಿಸದ ಹಿತ್ತಾಳೆಯ ತುಂಡು ಇರಲಿ.

ಹೊರಬಂದ ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿ. ಒಳಗೆ ಗುಳುಗುಳು ಎಂದರೆ ತೂತಾಗಿದೆ. ಮುಳುಗಿದ ಫ್ಲೋಟಿನ ಲೆಕ್ಕದಲ್ಲಿ ಟ್ಯಾಂಕ್ ಸದಾ ಬರಿದು. ರೋಧಕ ತಂತಿ ಒಂದೆಡೆ ಸವೆದಿದ್ದರೆ ಮುಳ್ಳು ಅಲ್ಲಿಗೆ ಬಂದಾಗಲೆಲ್ಲ ತಟಕ್ಕನೆ ಬೀಳುತ್ತದೆ. ಬದಲಿಗೆ ತರುವ ಹೊಸ ಯೂನಿಟ್ಟನ್ನು ಓಮ್ ಅಳೆಯದೆ ಹಾಕಬೇಡಿ. ಜರ್ಮನಿಯ ವಿಡಿಒ ಮಾದರಿಯವುಗಳಲ್ಲಿ ಖಾಲಿಗೆ 10, ತುಂಬಿದ್ದಕ್ಕೆ 180 ಓಮ್, ಅಂದರೆ ಎಲ್ಲ ಉಲ್ಟಾ. ಅದನ್ನು ಸ್ಮಿತ್ಸ್ ಗೇಜಿಗೆ ಕಟ್ಟಿದರೆ ಕಾರು ಓಡಿದಷ್ಟೂ ಪೆಟ್ರೋಲ್ ಹೆಚ್ಚುತ್ತಾ ಹೋಗುತ್ತದೆ!

ಎಲ್ಲ ಭಾಗವೂ ಸರಿಯಿದ್ದರೂ ನಡುವಿನ ಅಳತೆ ಪಕ್ಕಾ ಆಗುವುದಿಲ್ಲ, ಆಗಬೇಕೆಂದು ಹಟ ಹಿಡಿಯಲೂ ಬೇಡಿ. ತೋಳು ಕಮಾನಿನಂತೆ ತಿರುಗುತ್ತದೆ, ಪೆಟ್ರೋಲ್ ನೆಟ್ಟಗೆ ಇಳಿಯುತ್ತದೆ. ಟ್ಯಾಂಕಿನ ಅಂಚುಗಳು ದುಂಡಗಿವೆ. ಫ್ಲೋಟ್ ಮೇಲಿನ ತಗಡಿಗೆ ತಾಗಿ ನಿಂತ ಮೇಲೂ ಒಂದಷ್ಟು ಲೀಟರ್ ಹಿಡಿಸುತ್ತದೆ. ಹೊರಟ ಮೇಲೆ ಮುಳ್ಳು ಬಹಳ ಹೊತ್ತು ‘ಎಫ್’ ಬಿಟ್ಟು ಕದಲದಿರುವ ಗುಟ್ಟು ಇದೇ. ಈಗಿನ ಕಾರುಗಳಲ್ಲೂ ಇರುವುದು ಇಂಥದೇ ಫ್ಲೋಟ್. ಅದರ ವಕ್ರ ಮಾತನ್ನು ಕಂಪ್ಯೂಟರ್ ತಿದ್ದಿ ಹೇಳುತ್ತದೆ ಅಷ್ಟೇ.

ಸರಿಯಾಗಿರಲೇಬೇಕಾದದ್ದು ಕೆಳತುದಿ ಒಂದೇ. ಖಾಲಿ ಟ್ಯಾಂಕಿಗೆ ಅಳೆದು 5 ಲೀಟರ್ ಹಾಕಿ, ಆಗ ಮುಳ್ಳು ಸರಿಯಾಗಿ ‘ಇ’ ಮೇಲೆ ನಿಲ್ಲುವಂತೆ ಫ್ಲೋಟಿನ ತೋಳನ್ನು ಬಗ್ಗಿಸಿ ಹೊಂದಿಸಿಕೊಳ್ಳಿ. ಮತ್ತೆ ಐದೈದು ಲೀಟರ್ ಸುರಿಯುತ್ತಾ ಮುಳ್ಳು ಎಲ್ಲಿಗೆ ಬಂತೆಂದು ಒಂದು ಚೀಟಿಯಲ್ಲಿ ಗುರುತು ಹಾಕಿ ಕಾರಿನಲ್ಲೇ ಇಟ್ಟುಕೊಳ್ಳಿ. ಲೀಟರಿಗೆ 9 ಕಿಲೋಮೀಟರ್ ಓಡುವ ಎಂಜಿಬಿಗೆ ಆ 5 ಲೀಟರೆಂದರೆ 45 ಕಿಲೋಮೀಟರ್. ಇಂಗ್ಲೆಂಡಿನ ಮೋಟರ್‌ವೇಗಳಲ್ಲಿ ಪೆಟ್ರೋಲ್ ಸಿಗುವ ಎರಡು ಸರ್ವಿಸ್ ತಾಣಗಳ ನಡುವೆ 28 ಮೈಲಿಗಿಂತ ಹೆಚ್ಚು ಅಂತರ ಇರಬಾರದು ಎನ್ನುತ್ತದೆ ಅಲ್ಲಿನ ಸರ್ಕಾರದ ಮಾರ್ಗಸೂಚಿ. ಅದೂ 45 ಕಿಲೋಮೀಟರೇ.