ಬೋರ್ಡೋ ದ್ರಾವಣದ ತವರುನಾಡಿನ ಒಂದು ದ್ರಾಕ್ಷಿ ತೋಟ

ಮುಂಗಾರಿಗೆ ಮುಂಚೆಯೇ ಮೈಲುತುತ್ತ, ಸುಣ್ಣ ಒದಗಿಸಿಟ್ಟುಕೊಂಡು ಕೊನೆಗಾರನ ದಾರಿ ಕಾಯುವ ಅಡಿಕೆ ಬೆಳೆಗಾರರಿಗೆ ಬೋರ್ಡೋ ಎಂಬ ಹೆಸರು ಮನೆಮಾತು. ಅದು ಫ್ರಾನ್ಸಿನ ಒಂದು ಊರೆಂಬುದನ್ನೂ, ಆ ಔಷಧಿ ಹುಟ್ಟಿದ್ದು ದ್ರಾಕ್ಷಿಗಾಗಿ ಎಂಬುದನ್ನೂ ನಮ್ಮಲ್ಲಿ ಬಹಳ ಮಂದಿ ಮರೆತಿದ್ದೇವೆ. 1882ರಲ್ಲಿ ಆ ಊರಿನ ಸಮೀಪದ ಮೆಡಾಕ್ ಪ್ರದೇಶದಲ್ಲಿ ಬೂಜುರೋಗ ಹಬ್ಬಿ ಬಳ್ಳಿಗಳೆಲ್ಲ ಎಲೆ ಉದುರಿಸಿ ನಿಂತಿದ್ದವು. ರಸ್ತೆ ಬದಿಯ ಸಾಲುಗಳು ಮಾತ್ರ ಹಸುರಾಗಿದ್ದವು. ದಾರಿಹೋಕರು ಹಣ್ಣು ಕದಿಯದಿರಲೆಂದು ಅವಕ್ಕೆ ಮೈಲುತುತ್ತ ಸುಣ್ಣ ಕಲಸಿ ಎರಚಿದ್ದರು! ಪ್ರಾಧ್ಯಾಪಕ ಮಿಲಾರ್ಡೆ ಇದನ್ನು ಕಂಡು, ಪರೀಕ್ಷಿಸಿ, 1885ರಲ್ಲಿ ಪ್ರಕಟಿಸಿದರು. ಸುಮಾರು ಇಪ್ಪತ್ತೈದು ವರ್ಷಗಳ ನಂತರ ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅದನ್ನೇ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು.

ಈಗ ಅದೇ ದೇಶದಲ್ಲಿ ರಾಸಾಯನಿಕವಿಲ್ಲದೆ ದ್ರಾಕ್ಷಿ ಬೆಳೆದು ಮದ್ಯ ಮಾಡುವ ಕುಟುಂಬಗಳ ವಿಷಯ ಕೇಳಿಬರುತ್ತಿದೆ. ಸಾವಯವಕ್ಕೆ ತಿರುಗಬೇಕೇ ಬೇಡವೇ ಎಂದು ಯೋಚಿಸುತ್ತಿರುವ ಸದಸ್ಯರಿಗಾಗಿ ಅಂಥದೊಂದು ತೋಟದ ವಿವರ ಇಲ್ಲಿ ಕೊಡುತ್ತಿದ್ದೇವೆ.

ಲ್ವಾರ್ ನದಿಯ ದಂಡೆಯ ಸಾವೆನ್ಯೇರ್ ಎಂಬಲ್ಲಿ ಕೂಲೇ ದ ಸೆರಾನ್ ಎಂಬ ತೋಟವಿದೆ. ವಿಸ್ತೀರ್ಣ ಏಳು ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಹದಿನೇಳು ಎಕರೆ. ಹನ್ನೆರಡನೆಯ ಶತಮಾನದಲ್ಲಿ ಸಿಸ್ಟರ್ಷಿಯನ್ ಸನ್ಯಾಸಿಗಳು ಮೊದಲು ಬಳ್ಳಿ ನೆಟ್ಟರಂತೆ. 1960ರ ದಶಕದ ಆರಂಭದಲ್ಲಿ ಜೋಲಿ ಕುಟುಂಬ ಅದನ್ನು ಕೊಂಡಿತು. ಮಗ ನಿಕೋಲಾ ಜೋಲಿ ಬ್ಯಾಂಕಿನ ಕೆಲಸ ಬಿಟ್ಟು 1970ರ ದಶಕದಲ್ಲಿ ತೋಟಕ್ಕೆ ಬಂದರು. ಮೊದಲು ಅವರೂ ಕಳೆನಾಶಕ ಹೊಡೆದವರೇ. ಎರಡೇ ವರ್ಷಗಳಲ್ಲಿ ಮಣ್ಣಿನ ಬಣ್ಣ ಕೆಟ್ಟಿತು, ಗುಲಗಂಜಿ ಹುಳುಗಳೂ ಕವುಜುಗಗಳೂ ಕಾಣದಾದವು ಎಂದು ಅವರು ಹೇಳಿಕೊಂಡಿದ್ದಾರೆ. 1980ರ ದಶಕದಲ್ಲಿ ತೋಟವಿಡೀ ಜೈವಶಕ್ತಿ ಕೃಷಿಗೆ, ಅಂದರೆ ಬಯೋಡೈನಮಿಕ್ ಪದ್ಧತಿಗೆ, ತಿರುಗಿತು. ಕಡಿದಾದ ಇಳಿಜಾರಿನಲ್ಲಿ ಕುದುರೆಯಿಂದ ಉಳುಮೆ, ಗೊಬ್ಬರಕ್ಕೆ ಸಾಕಿದ ಹಸುಗಳು. ಈಗ ಮಗಳು ವರ್ಜಿನಿಯೂ ತೋಟದ ಹೊಣೆ ಹೊತ್ತಿದ್ದಾರೆ.

ಈ ಪದ್ಧತಿಯ ಮೂಲ 1924ರಲ್ಲಿ ರುಡಾಲ್ಫ್ ಸ್ಟೈನರ್ ನೀಡಿದ ಎಂಟು ಉಪನ್ಯಾಸಗಳು. ಅವರು ರೈತರಲ್ಲ, ತತ್ತ್ವಚಿಂತಕರು. ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲವಿಡೀ ಹೂತಿಟ್ಟು, ವಸಂತದಲ್ಲಿ ತೆಗೆದು, ಹೆಕ್ಟೇರಿಗೆ ನೂರು ಗ್ರಾಮಿನಷ್ಟನ್ನು ನೀರಿನಲ್ಲಿ ಒಂದು ಗಂಟೆ ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಸುಳಿ ಏಳುವಂತೆ ತಿರುವಿ ಮಣ್ಣಿಗೆ ಚಿಮುಕಿಸುತ್ತಾರೆ. ಬೆಣಚುಕಲ್ಲಿನ ಪುಡಿಯನ್ನು ಹೀಗೆಯೇ ಬೇಸಗೆಯಲ್ಲಿ ಹೂತು, ಹೆಕ್ಟೇರಿಗೆ ಕೆಲವೇ ಗ್ರಾಂ ಎಲೆಗೆ ಕೊಡುತ್ತಾರೆ. ಚಂದ್ರನ ಗತಿ ನೋಡಿ ಕೆಲಸ ಹಚ್ಚುತ್ತಾರೆ. ಪಂಚಾಂಗ ನೋಡಿ ಬಿತ್ತುವ ನಮಗೆ ಇದು ವಿಚಿತ್ರವೆನಿಸದು. ಆದರೆ ನೂರು ಗ್ರಾಂ ಸಗಣಿ ಗೊಬ್ಬರವಾಗಲಾರದು ಎಂಬುದು ಯಾರಿಗೂ ತಿಳಿಯುತ್ತದೆ. ಅದು ಶಕ್ತಿಯ ಕೆಲಸವೆಂದು ಆ ಪಂಥದವರ ವಾದ. ಕ್ಯಾಲಿಫೋರ್ನಿಯದ ಒಂದು ದ್ರಾಕ್ಷಿ ತೋಟದಲ್ಲಿ ಬರಿಯ ಸಾವಯವ ತಾಕುಗಳನ್ನೂ ಜೈವಶಕ್ತಿ ತಾಕುಗಳನ್ನೂ ಹೋಲಿಸಿ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮಣ್ಣಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕೊಂಬಿಗೆ ಹಣ ಸುರಿಯುವ ಮೊದಲು ಕೊಟ್ಟಿಗೆ ಗೊಬ್ಬರ ಸಾಕಷ್ಟಿದೆಯೇ ನೋಡಿಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ.

ಕೊಯ್ಲು, ಹುದುಗಿನ ವಿಷಯ ಕಾಫಿ ಬೆಳೆಗಾರರಿಗೆ ಬೇಗ ಅರ್ಥವಾದೀತು. ನಾವು ಹಣ್ಣಾದದ್ದನ್ನು ಮಾತ್ರ ಆರಿಸಿ ಸುತ್ತು ಸುತ್ತಾಗಿ ಕೊಯ್ಯುವಂತೆ ಅಲ್ಲಿಯೂ ಶೆನಿನ್ ಜಾತಿಯ ಬಿಳಿದ್ರಾಕ್ಷಿಯನ್ನು ಹಲವು ವಾರ, ಹಲವು ಸಲ ಕೊಯ್ಯುತ್ತಾರೆ. ಪೇಟೆಯ ಹುದುಗುಕಾಳು ಹಾಕುವುದಿಲ್ಲ. ಪಲ್ಪರಿನಿಂದ ಬಂದ ಬೀಜದ ಲೋಳೆ ತೊಟ್ಟಿಯಲ್ಲಿ ತಾನೇ ಹುಳಿಯೇರಿ ಬಿಡುವುದಿಲ್ಲವೇ, ಹಾಗೆ ತೋಟದಿಂದ ಬಂದ ಹುದುಗೇ ರಸವನ್ನು ಮದ್ಯ ಮಾಡುತ್ತದೆ. ಅದು ನಿಧಾನ, ಕೆಲವೊಮ್ಮೆ ನಡುವೆ ನಿಂತೂ ಬಿಡಬಹುದು. ಕಳೆನಾಶಕ, ಶಿಲೀಂಧ್ರನಾಶಕ ಹೊಡೆದ ಹಣ್ಣಿನಲ್ಲಿ ಈ ಹುದುಗು ದುರ್ಬಲವಾಗುವುದರಿಂದಲೇ ಹೊರಗಿನದು ಬೇಕಾಗುತ್ತದೆಂದು ಜೋಲಿಯವರ ವಾದ. ಕೆಡದಿರಲು ಗಂಧಕದ ಅಂಶ ಸ್ವಲ್ಪ ಸೇರಿಸುತ್ತಾರೆ. ಯುರೋಪಿನ ನಿಯಮದಂತೆ ಸಾವಯವ ಬಿಳಿ ಮದ್ಯದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 150 ಮಿಲಿಗ್ರಾಂ ಮೀರಕೂಡದು.

ಇನ್ನು ಮುಖ್ಯ ವಿಷಯ. ಸಾವಯವವೆಂದರೆ ಮೈಲುತುತ್ತ ಬಿಟ್ಟರೆಂದು ತಿಳಿಯಬೇಡಿ. ದ್ರಾಕ್ಷಿಯ ಬೂಜುರೋಗವೂ ನಮ್ಮ ಕೊಳೆರೋಗವೂ ಒಂದೇ ವರ್ಗದ ಜೀವಿಗಳಿಂದ ಬರುವಂಥವು. ಮಳೆ ಹಿಡಿದರೆ ಸಾವಯವದವರೂ ತಾಮ್ರವನ್ನೇ ಹೊಡೆಯಬೇಕು. ಆದರೆ ತಾಮ್ರ ಕರಗಿ ಹೋಗುವ ವಸ್ತುವಲ್ಲ. ನೂರು ವರ್ಷ ಹೊಡೆದ ತೋಟಗಳ ಮೇಲ್ಮಣ್ಣಿನಲ್ಲಿ ಅದು ಶೇಖರವಾಗಿ ಎರೆಹುಳುವಿಗೆ ವಿಷವಾಗಿದೆ. ಆದ್ದರಿಂದ 2019ರಿಂದ ಯುರೋಪಿನಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರದ ಮಿತಿ ಬಂದಿತು. ಸರಾಸರಿ ವರ್ಷಕ್ಕೆ ನಾಲ್ಕು ಕಿಲೋ. ಜೈವಶಕ್ತಿಯವರ ಡೆಮೆಟರ್ ಸಂಸ್ಥೆ ಮೂರೇ ಕಿಲೋಗೆ ಒಪ್ಪುತ್ತದೆ.

ಮೈಲುತುತ್ತದಲ್ಲಿ ಕಾಲುಭಾಗ ತಾಮ್ರ. ನಾಲ್ಕು ಕಿಲೋ ತಾಮ್ರವೆಂದರೆ ಹೆಕ್ಟೇರಿಗೆ 16 ಕಿಲೋ, ಎಕರೆಗೆ ಸುಮಾರು ಆರೂವರೆ ಕಿಲೋ ಮೈಲುತುತ್ತ. ಶೇಕಡ ಒಂದರ ದ್ರಾವಣದಲ್ಲಿ ಇದು ಎಕರೆಗೆ ವರ್ಷವಿಡೀ 650 ಲೀಟರ್ ಆಯಿತು. ಸದಸ್ಯರು ತಮ್ಮ ತೋಟದ ಎರಡು, ಮೂರು ಸಿಂಪಡಣೆಗೆ ಎಷ್ಟು ಪೀಪಾಯಿ ಖರ್ಚಾಗುತ್ತದೆಂದು ಬರೆದಿಟ್ಟು ಹೋಲಿಸಿ ನೋಡಬಹುದು. ಕೊನೆಗೆ ಬೀಳಬೇಕಾದ ಔಷಧಿ ನೆಲಕ್ಕೆ ಎಷ್ಟು ಸುರಿಯುತ್ತದೆ ಎಂಬುದು ಮರದ ಬುಡದಲ್ಲಿ ನಿಂತವರಿಗೆಲ್ಲ ಗೊತ್ತು. ಹಾಗೆಂದು ಯಾರೂ ಈ ಮಳೆಗಾಲ ಸಿಂಪಡಣೆ ನಿಲ್ಲಿಸಬಾರದು. ಒಂದು ವರ್ಷದ ಕೊಳೆ ಸಣ್ಣ ಹಿಡುವಳಿಯವನ ಮೂರು ವರ್ಷದ ಲೆಕ್ಕ ಕೆಡಿಸುತ್ತದೆ.

ಕೂಲೇ ದ ಸೆರಾನಿನಲ್ಲಿ ಇಳುವರಿ ಹೆಕ್ಟೇರಿಗೆ ಎರಡು, ಎರಡೂವರೆ ಸಾವಿರ ಲೀಟರ್ ಮಾತ್ರ. ಆ ತೋಟದ ಹೆಸರಿನ ಮದ್ಯವನ್ನು ಬೇರೆ ಯಾರೂ ಮಾಡುವಂತಿಲ್ಲ. ಕಾನೂನೇ ಅದಕ್ಕೆ ಪ್ರತ್ಯೇಕ ಹೆಸರಿನ ಹಕ್ಕು ಕೊಟ್ಟಿದೆ. ಕಡಿಮೆ ಇಳುವರಿಯ ನಷ್ಟವನ್ನು ಅವರು ಬೆಲೆಯಲ್ಲಿ ತುಂಬಿಕೊಳ್ಳುತ್ತಾರೆ. ನಮ್ಮ ಅಡಿಕೆ ಮಂಡಿಗೆ ಹೋದೊಡನೆ ಯಾರ ತೋಟದ್ದೆಂಬ ಗುರುತು ಅಳಿಸಿಹೋಗುತ್ತದೆ. ಕಾಫಿಯಲ್ಲಿ ಮಾತ್ರ ತೋಟದ ಹೆಸರಿನಲ್ಲಿಯೇ ಮಾರುವ ರೂಢಿ ಅಲ್ಲಲ್ಲಿ ಬೆಳೆಯುತ್ತಿದೆ. ಸಾವಯವಕ್ಕೆ ಇಳಿಯುವವರು ದೃಢೀಕರಣಕ್ಕೆ ಮೊದಲಿನ ಮೂರು ವರ್ಷದ ಪರಿವರ್ತನೆಯ ಅವಧಿಯಲ್ಲಿ ಹಳೆಯ ದರವೇ ಸಿಗುವುದೆಂದು ಲೆಕ್ಕ ಹಾಕಿಕೊಂಡು, ಮೊದಲು ಒಂದು ಮೂಲೆಯ ಅರ್ಧ ಎಕರೆಯಲ್ಲಿ ಪ್ರಾರಂಭಿಸಬಹುದು.