ಗೂಡಲೂರು ಘಾಟಿಯಲ್ಲಿ ಲಾರಿ ಪ್ಲಟೂನ್: ಕಂಪ್ಯೂಟರ್‌ನಲ್ಲಿ ಓಡಿಸಿ ನೋಡುವ ಬಗೆ

ಬಂಡೀಪುರದ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್‌ನಲ್ಲಿ ರಾತ್ರಿ 9ಕ್ಕೆ ಮುಚ್ಚಿದ ಗೇಟು ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಕಾದು ನಿಂತ ಲಾರಿಗಳು ಒಂದರ ಹಿಂದೊಂದು ಮುದುಮಲೆ ದಾಟಿ ಗೂಡಲೂರಿನತ್ತ ಹೊರಡುತ್ತವೆ. ಇದು ಬರೀ ಸಾಲು. ಪ್ಲಟೂನ್‌ನಲ್ಲಿ ಲಾರಿಗಳ ನಡುವೆ ವೈರ್‌ಲೆಸ್ ಸಂಪರ್ಕವಿರುತ್ತದೆ. ಮುಂದಿನ ಲಾರಿ ಬ್ರೇಕ್ ಹಾಕಿದ್ದು ಹಿಂದಿನದಕ್ಕೆ ತಕ್ಷಣ ಗೊತ್ತಾಗುವುದರಿಂದ ಹತ್ತಿರ ಹತ್ತಿರ ಓಡಬಹುದು. ಗಾಳಿಯ ತಡೆ ತಗ್ಗಿ ಡೀಸೆಲ್ ಉಳಿಯುತ್ತದೆ. 2016ರಲ್ಲಿ ಯುರೋಪಿನ ಆರು ಕಂಪನಿಗಳ ಲಾರಿಗಳು ಹೀಗೆ ರಾಟರ್‌ಡ್ಯಾಮ್‌ವರೆಗೆ ಓಡಿದ್ದವು.

ನೀಲಗಿರಿಗೆ ಇದು ಹೊಂದೀತೇ? ಲಾರಿಯನ್ನು ರಸ್ತೆಗಿಳಿಸುವ ಮುನ್ನ ಜರ್ಮನಿಯ ಡಿಎಲ್‌ಆರ್ ಸಂಸ್ಥೆಯ ಉಚಿತ ಸಂಚಾರ-ಅನುಕರಣ ತಂತ್ರಾಂಶ ‘ಸುಮೋ’ದಲ್ಲಿ ಪರೀಕ್ಷಿಸಬಹುದು.

ರಸ್ತೆ: ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮೇಲುಕಾಮನಹಳ್ಳಿ–ತೆಪ್ಪಕಾಡು–ಗೂಡಲೂರು–ನಡುವಟ್ಟಂ–ಊಟಿ ದಾರಿಯನ್ನು ಇಳಿಸಿಕೊಂಡು ಎತ್ತರದ ಮಾಹಿತಿ ಸೇರಿಸಿ. ಅಷ್ಟೇ ಸಾಲದು: ಮುಂದಿನ ವಾಹನವನ್ನು ಹಿಂಬಾಲಿಸುವ ಬಗೆಯನ್ನು ಲೆಕ್ಕ ಹಾಕುವ ಸುಮೋದ ಮೂಲ ‘ಕ್ರೌಸ್’ ಮಾದರಿಯಲ್ಲಿ ಲಾರಿ ಏರಿನಲ್ಲಿ ಏದುಸಿರು ಬಿಡುವುದಿಲ್ಲ. ಇಳಿಜಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ‘ಕ್ರೌಸ್ ಪಿಎಸ್’ ಆರಿಸಿ. ತಿರುವುಗಳ ವೇಗವನ್ನು ಸ್ಥಳದಲ್ಲೇ ಅಳೆದು ತುಂಬಿ.

ಲಾರಿ: ‘ಟೌ’ ಎಂದರೆ ಮುಂದಿನ ವಾಹನದಿಂದ ಇಡುವ ಸಮಯದ ಅಂತರ; ಮೂಲ ಬೆಲೆ 1 ಸೆಕೆಂಡ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಸುಮಾರು 22 ಮೀಟರ್, 30ರಲ್ಲಿ ಸುಮಾರು 8 ಮೀಟರ್. ಪ್ಲಟೂನ್‌ಗಾಗಿ ಇದನ್ನು 0.5ಕ್ಕೆ ಇಳಿಸಿದರೆ, ತಂತ್ರಾಂಶ ಲೆಕ್ಕ ಹಾಕುವ ಹೆಜ್ಜೆಯನ್ನೂ 1 ಸೆಕೆಂಡ್‌ನಿಂದ 0.1ಕ್ಕೆ ಇಳಿಸಬೇಕು. ಮರೆತರೆ ತೆರೆಯ ಮೇಲೆ ಲಾರಿಗಳು ಡಿಕ್ಕಿ ಹೊಡೆಯಬಹುದು. ಚಾಲಕರ ಏರುಪೇರನ್ನು ತೋರುವ ‘ಸಿಗ್ಮಾ’ವನ್ನು ಹಿಂಬಾಲಿಸುವ ಲಾರಿಗಳಿಗೆ ಸೊನ್ನೆ ಮಾಡಿ.

ಉಳಿದ ಸಂಚಾರ: ಬಸ್ಸು, ಜೀಪು, ಬೈಕುಗಳ ಎಣಿಕೆ ರಸ್ತೆ ಬದಿಯಿಂದಲೇ ಬರಬೇಕು. ನಮ್ಮಲ್ಲಿ ಬೈಕು ಲೇನ್ ಲೆಕ್ಕಿಸದೆ ನುಸುಳುವುದರಿಂದ ‘ಸಬ್‌ಲೇನ್’ ಮಾದರಿ ಬೇಕು. ಆನೆ ದಾಟುವುದು ತಂತ್ರಾಂಶಕ್ಕೆ ತಿಳಿಯದು. ಕಾಡಿನ ಭಾಗದಲ್ಲಿ ಅನಿರೀಕ್ಷಿತ ನಿಲುಗಡೆಗಳನ್ನು, ಓಟದ ನಡುವೆಯೇ ಸುಮೋಗೆ ಆದೇಶ ಕೊಡುವ ‘ಟ್ರಾಸಿ’ ಮೂಲಕ ನಾವೇ ಹೇರಬೇಕು.

ಓಟ: ಮೊದಲು ಪ್ಲಟೂನ್ ಇಲ್ಲದೆ ಓಡಿಸಿ, ಗೂಡಲೂರಿನಿಂದ ನಡುವಟ್ಟಂಗೆ ತಗಲುವ ಸಮಯ ನಿಜದ ಅಳತೆಗೆ ತಾಳೆಯಾಗುವವರೆಗೆ ತಿದ್ದಿ. ಬಳಿಕ ಪ್ಲಟೂನ್ ಸೇರಿಸಿ, ಯಾದೃಚ್ಛಿಕ ಬೀಜಸಂಖ್ಯೆ ಬದಲಿಸುತ್ತ ಹಲವು ಸಲ ಓಡಿಸಿ ಸರಾಸರಿ ನೋಡಿ.

ಫಲಿತಾಂಶ ಓದುವಾಗ ಒಂದು ಎಚ್ಚರ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆಮೆಗತಿಯ ಘಾಟಿಯಲ್ಲಿ ಡೀಸೆಲ್ ಉಳಿತಾಯ ಅತ್ಯಲ್ಪ. ಅಂಟಿಕೊಂಡ ಮೂರು ಲಾರಿಗಳನ್ನು ಹಿಂದಿಕ್ಕಲಾಗದೆ ಹಿಂದಿನ ಬಸ್ಸಿಗೆ ಆಗುವ ವಿಳಂಬ ಮಾತ್ರ ದೊಡ್ಡದಾಗಬಹುದು. ಹಾಗಾಗಿ ಪ್ಲಟೂನ್ ಅನ್ನು ತೆಪ್ಪಕಾಡಿನಲ್ಲಿ ಬಿಚ್ಚಿದರೆ ಎಷ್ಟು, ಗೂಡಲೂರಿನಲ್ಲಿ ಬಿಚ್ಚಿದರೆ ಎಷ್ಟು, ಬಿಚ್ಚದೇ ಊಟಿಯವರೆಗೆ ಹೋದರೆ ಎಷ್ಟು ಎಂದು ಬೇರೆ ಬೇರೆಯಾಗಿ ಓಡಿಸಿ, ಲಾರಿಯ ಡೀಸೆಲ್ ಪಕ್ಕದಲ್ಲೇ ಬಸ್ಸಿನ ವಿಳಂಬವನ್ನೂ ಬರೆದಿಡಿ.