ತಪಸ್ಸುಕಾಲದ ಆಹಾರ ಪದ್ಧತಿ

ತಪಸ್ಸುಕಾಲದ ಆಹಾರ ಪದ್ಧತಿ ಎಂದರೆ ಕ್ಯಾಥೊಲಿಕ್ ಕ್ರೈಸ್ತ ಕುಟುಂಬಗಳು ವಿಭೂತಿ ಬುಧವಾರದಿಂದ ಪಾಸ್ಖ ಹಬ್ಬದವರೆಗಿನ ಅವಧಿಯಲ್ಲಿ ಅನುಸರಿಸುವ ಉಪವಾಸ, ಮಾಂಸವರ್ಜನೆ ಮತ್ತು ಸರಳ ಊಟದ ಕ್ರಮ. ೧೯೬೬ಕ್ಕಿಂತ ಮೊದಲು ಈ ಕ್ರಮವು ಇಂದಿನದಕ್ಕಿಂತ ಕಠಿಣವಾಗಿತ್ತು. ಆ ಹಳೆಯ ಕ್ರಮವನ್ನು ಸ್ವಇಚ್ಛೆಯಿಂದ, ಪೂರ್ಣವಾಗಿ ಅಥವಾ ಭಾಗಶಃ, ಮನೆಯಲ್ಲಿ ಪಾಲಿಸಲು ಬಯಸುವವರು ವಾರದ ಊಟವನ್ನು ಮೊದಲೇ ಯೋಜಿಸಿಕೊಳ್ಳಬೇಕಾಗುತ್ತದೆ. ಈ ಲೇಖನವು ನಿಯಮಗಳನ್ನೂ, ಬೆಂಗಳೂರು ಸೀಮೆಯ ಆಹಾರಕ್ಕೆ ಅವುಗಳನ್ನು ಹೊಂದಿಸುವ ಬಗೆಯನ್ನೂ ವಿವರಿಸುತ್ತದೆ.

ಅವಧಿ ಮತ್ತು ಹೆಸರುಗಳು

ವಿಭೂತಿ ಬುಧವಾರವು ಪಾಸ್ಖ ಹಬ್ಬಕ್ಕೆ ೪೬ ದಿನ ಮೊದಲು ಬರುತ್ತದೆ. ನಡುವಿನ ಆರು ಭಾನುವಾರಗಳು ಉಪವಾಸದ ದಿನಗಳಲ್ಲವಾದ್ದರಿಂದ ಅವನ್ನು ಕಳೆದರೆ ೪೦ ದಿನಗಳು ಉಳಿಯುತ್ತವೆ. ೨೦೨೬ರಲ್ಲಿ ವಿಭೂತಿ ಬುಧವಾರ ಫೆಬ್ರವರಿ ೧೮ರಂದು, ಪಾಸ್ಖ ಹಬ್ಬ ಏಪ್ರಿಲ್ ೫ರಂದು ಬಂದವು. ಕೊಂಕಣಿ ಭಾಷಿಕರು ಈ ಕಾಲವನ್ನು ಕರೆಜ್ಮ್ ಎಂದೂ, ತಮಿಳು ಭಾಷಿಕರು ತವಕ್ಕಾಲಂ ಎಂದೂ, ಮಲಯಾಳಿಗಳು ನೋಂಬು ಎಂದೂ ಕರೆಯುತ್ತಾರೆ. ಸಿರೋ-ಮಲಬಾರ್ ಸಂಪ್ರದಾಯದವರಿಗೆ ಉಪವಾಸವು ವಿಭೂತಿ ಬುಧವಾರಕ್ಕೆ ಎರಡು ದಿನ ಮೊದಲು, ಸೋಮವಾರದಂದೇ ಆರಂಭವಾಗುತ್ತದೆ.

ಹಳೆಯ ನಿಯಮ

೧೯೧೭ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ತಪಸ್ಸುಕಾಲದ ಭಾನುವಾರಗಳನ್ನು ಬಿಟ್ಟು ಎಲ್ಲ ದಿನಗಳೂ ಉಪವಾಸದ ದಿನಗಳಾಗಿದ್ದವು. ಉಪವಾಸವೆಂದರೆ ಪೂರ್ಣ ನಿರಾಹಾರವಲ್ಲ. ದಿನಕ್ಕೆ ಒಂದು ಪೂರ್ಣ ಊಟ, ಅಂದರೆ ಒಪ್ಪೊತ್ತು. ಜೊತೆಗೆ ಬೆಳಿಗ್ಗೆ ಮತ್ತು ಸಂಜೆ ಅಲ್ಪಾಹಾರಕ್ಕೆ ಅವಕಾಶವಿತ್ತು. ವಿಭೂತಿ ಬುಧವಾರ ಮತ್ತು ಎಲ್ಲ ಶುಕ್ರವಾರ, ಶನಿವಾರಗಳಂದು ಇದಕ್ಕೆ ಮಾಂಸವರ್ಜನೆಯೂ ಸೇರುತ್ತಿತ್ತು. ಮಾಂಸ ಮತ್ತು ಮಾಂಸದ ರಸ ನಿಷಿದ್ಧವಾಗಿದ್ದವು. ಮೀನು, ಮೊಟ್ಟೆ, ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ನಿಷೇಧವಿರಲಿಲ್ಲ. ಮಾಂಸವರ್ಜನೆಯು ಏಳು ವರ್ಷ ತುಂಬಿದವರಿಗೂ, ಉಪವಾಸವು ೨೧ ವರ್ಷ ತುಂಬಿದಂದಿನಿಂದ ೬೦ನೆಯ ವರ್ಷ ಆರಂಭವಾಗುವವರೆಗೂ ಅನ್ವಯಿಸುತ್ತಿತ್ತು. ಇದಕ್ಕೂ ಹಿಂದೆ, ಮಧ್ಯಯುಗದ ಯೂರೋಪಿನಲ್ಲಿ ಮೊಟ್ಟೆ ಮತ್ತು ಹಾಲಿನ ಪದಾರ್ಥಗಳೂ ವರ್ಜ್ಯವಾಗಿದ್ದವು.

ಇಂದಿನ ನಿಯಮ

ಆರನೆಯ ಪೌಲ್ ಜಗದ್ಗುರುಗಳು ೧೯೬೬ರ ಫೆಬ್ರವರಿ ೧೭ರಂದು ಹೊರಡಿಸಿದ 'ಪೆನಿತೆಮಿನಿ' ಎಂಬ ಆಜ್ಞಾಪತ್ರವು ಕಡ್ಡಾಯ ಉಪವಾಸದ ದಿನಗಳನ್ನು ಎರಡಕ್ಕೆ ಇಳಿಸಿತು. ೧೯೮೩ರ ಸಂಹಿತೆಯೂ ಇದನ್ನೇ ಮುಂದುವರಿಸಿದೆ. ಲತೀನ್ ಸಂಪ್ರದಾಯದಲ್ಲಿ ಈಗ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಉಪವಾಸ ಮತ್ತು ಮಾಂಸವರ್ಜನೆ ಎರಡೂ ಕಡ್ಡಾಯ. ಉಳಿದ ಶುಕ್ರವಾರಗಳಂದು ಮಾಂಸವರ್ಜನೆ ಅಥವಾ ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿಯು ಸೂಚಿಸುವ ಬೇರೆ ವರ್ಜನೆ. ಮಾಂಸವರ್ಜನೆಯು ೧೪ ವರ್ಷ ತುಂಬಿದವರಿಗೆ, ಉಪವಾಸವು ೧೮ ತುಂಬಿದವರಿಂದ ೫೯ ತುಂಬುವವರೆಗಿನವರಿಗೆ ಅನ್ವಯಿಸುತ್ತದೆ. ಮಾರ್ಚ್ ೧೯ರ ಸಂತ ಜೋಸೆಫರ ಮಹೋತ್ಸವದಂತಹ ಮಹೋತ್ಸವವು ಶುಕ್ರವಾರ ಬಂದರೆ ಅಂದು ಮಾಂಸವರ್ಜನೆ ಕಡ್ಡಾಯವಲ್ಲ.

ಬೆಂಗಳೂರು ಸೀಮೆಯಲ್ಲಿ

ಬೆಂಗಳೂರು ಧರ್ಮಪ್ರಾಂತ್ಯವು ೧೯೪೦ರಲ್ಲಿ ಮೈಸೂರು ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ರಚನೆಯಾಗಿ, ೧೯೫೩ರಲ್ಲಿ ಮಹಾಧರ್ಮಪ್ರಾಂತ್ಯವಾಯಿತು. ಇಲ್ಲಿ ಕನ್ನಡ, ತಮಿಳು, ಕೊಂಕಣಿ, ಮಲಯಾಳ ಮತ್ತು ಇಂಗ್ಲಿಷ್ ಭಾಷೆಗಳ ಕ್ಯಾಥೊಲಿಕರು ಒಟ್ಟಿಗೆ ನೆಲೆಸಿರುವುದರಿಂದ ತಪಸ್ಸುಕಾಲದ ಅಡುಗೆಯೂ ಒಂದೇ ಬಗೆಯದಲ್ಲ. ಕರಾವಳಿ ಮೂಲದವರ ಮನೆಗಳಲ್ಲಿ ಕುಚ್ಚಲಕ್ಕಿ ಗಂಜಿ ಮತ್ತು ಚಟ್ನಿ, ಕೇರಳ ಮೂಲದವರಲ್ಲಿ ಗಂಜಿ ಮತ್ತು ಹೆಸರುಕಾಳು ಶುಭ ಶುಕ್ರವಾರದ ಊಟವಾಗಿವೆ. ಆಂಗ್ಲೋ-ಇಂಡಿಯನ್ ಸಂಪ್ರದಾಯದಿಂದ ಬಂದ, ಶಿಲುಬೆಯ ಗುರುತುಳ್ಳ ಸಿಹಿ ಬನ್ನುಗಳನ್ನು ನಗರದ ಹಳೆಯ ಬೇಕರಿಗಳು ಅದೇ ಸಮಯದಲ್ಲಿ ಮಾರುತ್ತವೆ.

ಮೀನಿಗೆ ನಿಷೇಧವಿಲ್ಲವೆಂಬ ನಿಯಮವು ಬಯಲುಸೀಮೆಯಲ್ಲಿ ಬೇರೆ ಅರ್ಥ ಪಡೆಯುತ್ತದೆ. ಕರಾವಳಿಯಲ್ಲಿ ಬಂಗುಡೆ, ಭೂತಾಯಿ ನಿತ್ಯದ ಆಹಾರ. ಯಲಹಂಕ, ಅಟ್ಟೂರು, ಹೆಬ್ಬಾಳಗಳಂತಹ ಒಳನಾಡಿನ ಪ್ರದೇಶಗಳಿಗೆ ಕಡಲ ಮೀನು ದೂರದಿಂದ ಬರಬೇಕು. ಶುಕ್ರವಾರ ಕೋಳಿಯ ಬದಲು ದುಬಾರಿ ಅಂಜಲ್ ಮೀನನ್ನು ಹುರಿದರೆ ನಿಯಮದ ಅಕ್ಷರ ಉಳಿಯುತ್ತದೆ, ಉದ್ದೇಶ ಉಳಿಯುವುದಿಲ್ಲ. ಈ ಸೀಮೆಯ ಹೊಲದೂಟವಾದ ರಾಗಿ, ಸೊಪ್ಪು ಮತ್ತು ಕಾಳುಗಳೇ ಆ ಉದ್ದೇಶಕ್ಕೆ ಹೆಚ್ಚು ಹತ್ತಿರವಾಗಿವೆ.

ವಾರದ ಯೋಜನೆ

ಹಳೆಯ ಕ್ರಮದಲ್ಲಿ ಮೊದಲು ನಿರ್ಧರಿಸಬೇಕಾದದ್ದು ಪೂರ್ಣ ಊಟದ ಹೊತ್ತು. ವಾಡಿಕೆಯಂತೆ ಅದು ಮಧ್ಯಾಹ್ನದ ಊಟ. ಆದರೆ ಮಧ್ಯಾಹ್ನದ ಊಟ ಮತ್ತು ಸಂಜೆಯ ಅಲ್ಪಾಹಾರವನ್ನು ಅದಲುಬದಲು ಮಾಡಿಕೊಳ್ಳಲು ೧೯೧೭ರ ಸಂಹಿತೆಯೇ ಅವಕಾಶ ನೀಡಿತ್ತು. ದುಡಿಯುವವರು ಮತ್ತು ಶಾಲೆಗೆ ಹೋಗುವವರು ಹಗಲೆಲ್ಲ ಹೊರಗಿರುವ ಇಂದಿನ ಕುಟುಂಬಗಳಿಗೆ ರಾತ್ರಿಯ ಊಟವನ್ನೇ ಪೂರ್ಣ ಊಟವಾಗಿಸುವುದು ಅನುಕೂಲ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದಕ್ಕೂ ಆಗ ಸಾಧ್ಯವಾಗುತ್ತದೆ.

ಮಾದರಿ ವಾರವೊಂದನ್ನು ಹೀಗೆ ಯೋಜಿಸಬಹುದು:

ಸೋಮವಾರ: ಮುದ್ದೆ, ಬಸ್ಸಾರು ಮತ್ತು ಪಲ್ಯ. ಕಾಳು-ಸೊಪ್ಪು ಬೇಯಿಸಿ ಬಸಿದ ನೀರು ಸಾರಿಗೂ, ಉಳಿದದ್ದು ಪಲ್ಯಕ್ಕೂ ಆಗುವುದರಿಂದ ಏನೂ ವ್ಯರ್ಥವಾಗುವುದಿಲ್ಲ. ಅಂದು ರಾತ್ರಿಯೇ ಹುರುಳಿಕಾಳು ನೆನೆಹಾಕಬೇಕು.
ಮಂಗಳವಾರ: ಅನ್ನ, ನುಗ್ಗೆಕಾಯಿ ಹಾಕಿದ ತೊಗರಿಬೇಳೆ ಸಾರು. ನೆನೆದ ಹುರುಳಿಯನ್ನು ಬಟ್ಟೆಯಲ್ಲಿ ಕಟ್ಟಿಡಬೇಕು.
ಬುಧವಾರ: ಮುದ್ದೆ, ಮೊಳಕೆ ಹುರುಳಿ ಸಾರು.
ಗುರುವಾರ: ಚಪಾತಿ, ಹೆಸರುಕಾಳು ಪಲ್ಯ ಅಥವಾ ಮೊಟ್ಟೆ ಸಾರು.
ಶುಕ್ರವಾರ: ಗಂಜಿ, ಹುರುಳಿ ಚಟ್ನಿ, ಉಪ್ಪಿನಕಾಯಿ. ಸಂಜೆ ಶಿಲುಬೆ ಹಾದಿಗೆ ಹೋಗಿಬಂದ ಮೇಲೆ ಬೇಗ ಬಡಿಸಬಹುದಾದ ಊಟವಿದು.
ಶನಿವಾರ: ಮುದ್ದೆ, ಉಪ್ಪುಸಾರು, ಸೊಪ್ಪು.
ಭಾನುವಾರ: ಉಪವಾಸವಿಲ್ಲ, ಮನೆಯ ಎಂದಿನ ಊಟ.

ಬೆಳಿಗ್ಗೆ ರಾಗಿ ಅಂಬಲಿ, ಇನ್ನೊಂದು ಹೊತ್ತಿಗೆ ಮಜ್ಜಿಗೆಯೊಂದಿಗೆ ಸ್ವಲ್ಪ ಅವಲಕ್ಕಿ ಅಥವಾ ಒಂದು ಹಣ್ಣು ಅಲ್ಪಾಹಾರವಾಗಬಹುದು. ತಪಸ್ಸುಕಾಲವು ಬಹುಪಾಲು ಬೇಸಿಗೆಯ ಆರಂಭದಲ್ಲಿ ಬರುವುದರಿಂದ ನೀರು, ಮಜ್ಜಿಗೆ, ಪಾನಕಗಳನ್ನು ಕಡಿಮೆ ಮಾಡಬಾರದು.

ವಿನಾಯಿತಿ ಮತ್ತು ಆರೋಗ್ಯ

ರೋಗಿಗಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಕಠಿಣ ದೈಹಿಕ ಶ್ರಮದವರಿಗೆ ಉಪವಾಸದಿಂದ ವಿನಾಯಿತಿ ಉಂಟು. ಸಂದೇಹವಿದ್ದಲ್ಲಿ ಧರ್ಮಕೇಂದ್ರದ ಗುರುಗಳನ್ನು ಕೇಳಬಹುದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು; ಅವರು ವೈದ್ಯರ ಸಲಹೆಯಿಲ್ಲದೆ ಹೊತ್ತು ಬದಲಿಸಬಾರದು. ಬೆಳೆಯುವ ಮಕ್ಕಳಿಗೆ ಊಟದ ಪ್ರಮಾಣವನ್ನು ಕಡಿಮೆ ಮಾಡುವ ಅಗತ್ಯವಿಲ್ಲ. ಸಿಹಿತಿಂಡಿಯಂತಹ ಒಂದನ್ನು ಅವರೇ ಆರಿಸಿ ಬಿಡುವಂತೆ ಮಾಡುವುದು ಸಾಮಾನ್ಯ ಕ್ರಮ.

ಉಳಿತಾಯ ಮತ್ತು ದಾನ

ಪ್ರಾರ್ಥನೆ, ಉಪವಾಸ ಮತ್ತು ದಾನಗಳನ್ನು ತಪಸ್ಸುಕಾಲದ ಮೂರು ಆಧಾರಗಳೆಂದು ಧರ್ಮಸಭೆ ಬೋಧಿಸುತ್ತದೆ. ಮಾಂಸ ಬಿಟ್ಟ ದಿನಗಳಲ್ಲಿ ಉಳಿದ ಹಣವನ್ನು ಹುಂಡಿಯಲ್ಲಿ ಕೂಡಿಟ್ಟು ಬಡವರಿಗೆ ತಲುಪಿಸಿದಾಗ ಮಾತ್ರ ಉಪವಾಸವು ಪೂರ್ಣವಾಗುತ್ತದೆ ಎಂಬುದು ಇದರ ಹಿಂದಿರುವ ತಿಳಿವಳಿಕೆ. ಆದ್ದರಿಂದ ವಾರದ ಅಡುಗೆಯ ಯೋಜನೆಯೊಂದಿಗೆ ಆ ವಾರದ ಉಳಿತಾಯದ ಲೆಕ್ಕವನ್ನೂ ಬರೆದಿಡುವುದು ಪದ್ಧತಿಯ ಭಾಗವೇ ಆಗಿದೆ.